ಎರಡು ಕಿಲೋ ಸುರಿದು ಕೆಟ್ಟೆ

ಶಿವಮೊಗ್ಗದಲ್ಲಿ ಫೌಂಡ್ರಿ ಅಂದರೆ ಕಬ್ಬಿಣವೇ. ನಾನು ಅಲ್ಯೂಮಿನಿಯಂ ಎರಕದವನು. ಮಾಚೇನಹಳ್ಳಿಯಲ್ಲಿ ಎಸ್‌ಜಿ ಐರನ್ (ಒಳಗಿನ ಇಂಗಾಲ ಗುಂಡುಗುಂಡಾಗಿರುವ ಎರಕದ ಕಬ್ಬಿಣ) ಎರೆಯುವ ಗೆಳೆಯನೊಬ್ಬ ಒಮ್ಮೆ, "ನಾವು ಹಾಕೋ ಮೆಗ್ನೀಸಿಯಂ ಮಿಶ್ರಣದಲ್ಲಿ ಚೂರು ರೇರ್ ಅರ್ಥ್ ಇರುತ್ತೆ ಮಾರಾಯ, ನೀನೂ ಹಾಕಿ ನೋಡು" ಅಂದ. ತಲೆಗೆ ಹುಳ ಬಿಟ್ಟಿದ್ದು ಅವನೇ.

ನಾನು ಎರೆಯುವುದು ಎ356. ಶೇ. 7ರಷ್ಟು ಸಿಲಿಕಾನ್ ಇರುವ ಅಲ್ಯೂಮಿನಿಯಂ ಮಿಶ್ರಲೋಹ. ಹಾಗೇ ಎರೆದರೆ ಸಿಲಿಕಾನ್ ಉದ್ದುದ್ದ ಚಕ್ಕೆಯಾಗಿ ಗಟ್ಟಿಯಾಗುತ್ತದೆ, ಎಳೆದಾಗ ಬಿರುಕು ಬಿಡುವುದು ಅಲ್ಲೇ. ಚಕ್ಕೆ ಸಣ್ಣದಾಗಲಿ ಅಂತ ಮಾಮೂಲಿಗೆ ಸ್ಟ್ರಾಂಷಿಯಂ ಹಾಕುತ್ತೇವೆ. ನಾನು ರೇರ್ ಅರ್ಥ್ ಲೋಹಗಳಲ್ಲೊಂದಾದ ಸೀರಿಯಂ ತರಿಸಿದೆ. ಹೆಸರಿಗೆ ರೇರ್ ಅಷ್ಟೇ, ಭೂಮಿಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ! ಲೈಟರಿನ ಕಿಡಿಕಲ್ಲಲ್ಲೂ ಇರುವುದು ಇದೇ. ಹಾಗೇ ಹಾಕಿದರೆ ಉರಿದುಹೋಗುವ ಭಯ, ಅದಕ್ಕೆ ಅಲ್ಯೂಮಿನಿಯಂನಲ್ಲಿ ಶೇ. 10ರಷ್ಟು ಸೀರಿಯಂ ಮೊದಲೇ ಬೆರೆಸಿಟ್ಟ ಮಾಸ್ಟರ್ ಅಲಾಯ್.

20 ಕಿಲೋ ಲೋಹಕ್ಕೆ 400 ಗ್ರಾಂ ಹಾಕಿದೆ. ಅಂದರೆ ಸೀರಿಯಂ ಶೇ. 0.2ರಷ್ಟು. 740 ಡಿಗ್ರಿಯಲ್ಲಿ ಕಲಸಿ, ಲೋಹದೊಳಗೆ ಆರ್ಗಾನ್ ಅನಿಲ ಹಾಯಿಸಿ, ಎರೆದೆ. ತುಂಡು ಕತ್ತರಿಸಿ ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗಿಟ್ಟರೆ ಚಕ್ಕೆಗಳು ಗಿಡ್ಡವಾಗಿದ್ದವು. ಸ್ಟ್ರಾಂಷಿಯಂ ಕೊಡುವಷ್ಟು ನುಣುಪಲ್ಲ, ಆದರೂ ಪರವಾಗಿಲ್ಲ.

ಆಸೆ ಬಿಡಲಿಲ್ಲ. ಮುಂದಿನ ಹೀಟ್‌ಗೆ, ಅಂದರೆ ಮುಂದಿನ ಸಲ ಕರಗಿಸಿದ ಲೋಹಕ್ಕೆ, ಮಾಸ್ಟರ್ ಅಲಾಯ್ ಎರಡು ಕಿಲೋ ಸುರಿದೆ. ಈ ಸಲ ಕಂಡದ್ದು ಬೆಳ್ಳಗೆ ಹೊಳೆಯುವ ಕಡ್ಡಿಗಳು. ಸೀರಿಯಂ ಜಾಸ್ತಿಯಾದರೆ ಅಲ್ಯೂಮಿನಿಯಂ, ಸಿಲಿಕಾನ್ ಎರಡನ್ನೂ ಹಿಡಿದುಕೊಂಡು ಪೆಡಸು ಸಂಯುಕ್ತವಾಗುತ್ತದೆ. ಎಳೆದು ನೋಡುವ ಟೆಸ್ಟ್ ಬಾರ್ ಸ್ವಲ್ಪವೂ ಹಿಗ್ಗದೆ ಟಕ್ ಅಂತ ಮುರಿಯಿತು. ಆಮೇಲೆ ಲೆಕ್ಕ ಹಾಕಿದರೆ ಇನ್ನೊಂದು ಎಡವಟ್ಟು: ಮಾಸ್ಟರ್ ಅಲಾಯ್‌ನಲ್ಲಿ ಸಿಲಿಕಾನೇ ಇಲ್ಲವಲ್ಲ, ಎರಡು ಕಿಲೋ ಸೇರಿ ಲೋಹವೇ ತೆಳುವಾಗಿತ್ತು. ಶೇ. 7 ಇದ್ದ ಸಿಲಿಕಾನ್ 6.4ಕ್ಕೆ ಇಳಿದಿತ್ತು. ಎ356ಕ್ಕೆ ಕನಿಷ್ಠ 6.5 ಬೇಕು. ಅಂದರೆ ಅದು ಎ356 ಆಗಿಯೇ ಉಳಿದಿರಲಿಲ್ಲ.

ಜುಲೈನಲ್ಲಿ ಮತ್ತೆ 400 ಗ್ರಾಂಗೇ ಬಂದೆ. ಆಗ ಮಳೆ ಆಟ ಕೆಡಿಸಿತು. ಮಲೆನಾಡಿನ ಥಂಡಿಯಲ್ಲಿ ಅಲಾಯ್ ತುಂಡುಗಳು ತೇವ ಹೀರಿ ಕೂತಿದ್ದವು. ನೀರು ತಾಗಿದರೆ ಹೈಡ್ರೋಜನ್ ಲೋಹದೊಳಗೆ ಹೋಗುತ್ತದೆ. ಕರಗಿದ ಅಲ್ಯೂಮಿನಿಯಂ ಅದನ್ನು ಗಟ್ಟಿ ಲೋಹಕ್ಕಿಂತ ಸುಮಾರು 20 ಪಟ್ಟು ಹಿಡಿದಿಟ್ಟುಕೊಳ್ಳುತ್ತದೆ, ಗಟ್ಟಿಯಾಗುವಾಗ ಹೊರಗೆ ಉಗುಳುತ್ತದೆ. ಕತ್ತರಿಸಿದ ತುಂಡಿನ ತುಂಬ ನೀರುದೋಸೆ ಥರ ತೂತು. ಸಿಲಿಕಾನ್ ಎಷ್ಟು ಸಣ್ಣಗಿದ್ದರೇನು, ಬಾರ್ ಮುರಿದಿದ್ದು ತೂತಿನ ಹತ್ತಿರವೇ.

ಈಗ ತುಂಡುಗಳು ಬಿಸ್ಕತ್ ಡಬ್ಬಿಯಲ್ಲಿ, ಕುಲುಮೆ ಪಕ್ಕದ ಬೆಚ್ಚಗಿನ ಗೂಡಿನಲ್ಲಿರುತ್ತವೆ. ಹಾಕುವ ಮುಂಚೆ 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸುತ್ತೇನೆ.