ಬಚ್ಚಲ ಅಟ್ಟದಿಂದ ಇಳಿದ 77ರ ಗಿಟಾರ್

ಮೂಡಿಗೆರೆ ಕಡೆ ಮಳೆಗಾಲ ಅಂದರೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ದೊಡ್ಡಪ್ಪನ ಎಲೆಕ್ಟ್ರಿಕ್ ಗಿಟಾರ್, ಅಮೆರಿಕದ ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್, ಉಳಿದುಕೊಂಡಿದ್ದು ಬಚ್ಚಲುಮನೆ ಅಟ್ಟದಲ್ಲಿ, ಹಂಡೆ ಒಲೆಯ ಬಿಸಿ ತಾಗುವ ಜಾಗದಲ್ಲಿ ಇದ್ದಿದ್ದಕ್ಕೇ ಇರಬೇಕು. ಕೆಳಗಿಳಿಸಿದಾಗ ತಂತಿ ಪೂರ್ತಿ ತುಕ್ಕು. ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದು ಮರ ಕಾಣುತ್ತಿತ್ತು.

"ಒಂದು ಕೋಟ್ ಪೇಂಟ್ ಹೊಡೆಸು ಮಾರಾಯ" ಅಂದರು ದೊಡ್ಡಪ್ಪ. ತೋರಿಸಿದ ಅಂಗಡಿಯವರೂ ಅದನ್ನೇ ಹೇಳಿದರು. ನಾನು ಸುಮ್ನೆ ವಾಪಸ್ ತಂದೆ. ಹಳೇ ಗಿಟಾರಿಗೆ ಮತ್ತೆ ಬಣ್ಣ ಹೊಡೆಸಿದರೆ ಕೊಳ್ಳುವವರು ಸುಮಾರು ಅರ್ಧ ಬೆಲೆ ಇಳಿಸುತ್ತಾರೆ. ಮಾರುವ ಯೋಚನೆ ಇರಲಿಲ್ಲ, ಆದರೂ ಹಾಳು ಮಾಡುವುದು ಯಾಕೆ?

ಮೊದಲು ವಯಸ್ಸು ನೋಡಿದೆ. ತಂತಿ ಬಿಗಿಯುವ ಕಿವಿಗಳಿರುವ ತುದಿ, ಅಂದರೆ ಹೆಡ್‌ಸ್ಟಾಕ್ ಮೇಲಿನ ನಂಬರ್ S7 ಅಂತ ಶುರುವಾಗುತ್ತದೆ, ಅಂದರೆ ಎಪ್ಪತ್ತರ ದಶಕದ ಕೊನೆಯದು. ಆದರೆ ಹೆಡ್‌ಸ್ಟಾಕ್ ಇರುವ ಉದ್ದನೆ ಕತ್ತು, ಅಂದರೆ ನೆಕ್, ಕೂತಿರುವುದು ಸ್ಕ್ರೂಗಳ ಮೇಲೆ. ಯಾರಾದರೂ ಬದಲಾಯಿಸಿರಬಹುದು ಅಲ್ವಾ? ಮುಂಭಾಗದ ಪ್ಲಾಸ್ಟಿಕ್ ಹಲಗೆ, ಅಂದರೆ ಪಿಕ್‌ಗಾರ್ಡ್ ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು ವಾಲ್ಯೂಮ್ ಗುಂಡಿಯ ಕೆಳಗಿನ ಬಿಡಿಭಾಗದ, ಅಂದರೆ ಪಾಟ್‌ನ ಬೆನ್ನು ನೋಡಿದೆ. ಬೆಸುಗೆಯ ಪಕ್ಕದಲ್ಲೇ ಸಣ್ಣಗೆ 1377711. 137 ಅಂದರೆ ಪಾಟ್ ಮಾಡಿದ ಸಿಟಿಎಸ್ ಕಂಪನಿ, 77 ಇಸವಿ, 11 ಆ ವರ್ಷದ ವಾರ. ಪಾಟ್ ತಯಾರಾಗಿದ್ದು 1977ರ ಮಾರ್ಚ್‌ನಲ್ಲಿ, ಗಿಟಾರ್ ಅದಕ್ಕಿಂತ ಮುಂಚಿನದಲ್ಲ. ಫೆಂಡರನ್ನು ಅಮೆರಿಕದ ರೇಡಿಯೋ-ಟಿವಿ ಕಂಪನಿ ಸಿಬಿಎಸ್ 1965ರಲ್ಲಿ ಕೊಂಡಿತು. ಕಣ್ಣು ತಿರುಗುವ ಬೆಲೆ ಅದಕ್ಕೆ ಮುಂಚಿನವುಗಳಿಗೆ. ನಮ್ಮದು ಆ ಜಾತಿಯದಲ್ಲ.

ಹೊಸ ತಂತಿ ಹಾಕಿದರೆ ಸಣ್ಣ ತಂತಿ ನೆಕ್ಕಿನ ಮೇಲೆ ಬೆರಳು ಒತ್ತುವ ಪಟ್ಟಿಯ, ಅಂದರೆ ಫ್ರೆಟ್‌ಬೋರ್ಡಿನ ಅಂಚಿನಿಂದ ಜಾರಿ ಹೊರಗೆ ಬೀಳುತ್ತಿತ್ತು. 1971ರಿಂದ ಎಂಬತ್ತರ ದಶಕದ ಶುರುವಿನವರೆಗೆ ಇವಕ್ಕೆ ನೆಕ್ ಹಿಡಿಯಲು ನಾಲ್ಕರ ಬದಲು ಮೂರೇ ಬೋಲ್ಟು, ನೆಕ್ ಒಂದು ಕಡೆಗೆ ಸರಿಯುವುದು ಇದರ ಹಳೇ ಚಾಳಿ. ತಂತಿ ಬಿಗಿಯಾಗಿದ್ದಾಗಲೇ ಮೂರೂ ಬೋಲ್ಟು ಅರ್ಧ ಸುತ್ತು ಸಡಿಲಿಸಿ, ಗಿಟಾರನ್ನು ತೊಡೆಯ ಮೇಲಿಟ್ಟು ನೆಕ್ಕನ್ನು ಮೆಲ್ಲಗೆ ಎಳೆದೆ. ಕಟಕ್ ಅಂತ ಒಂದು ಸಣ್ಣ ಸದ್ದು. ಎರಡೂ ಅಂಚಿನ ತಂತಿಗಳಿಗೆ ಜಾಗ ಸಮ ಆಯಿತು, ಬಿಗಿ ಮಾಡಿದೆ.

ನೆಕ್ಕಿನ ಒಳಗೆ ಅದರ ಬಾಗು ಸರಿ ಮಾಡುವ ಕಬ್ಬಿಣದ ಸರಳು, ಅಂದರೆ ಟ್ರಸ್ ರಾಡ್‌ನಲ್ಲಿ ಮಾತ್ರ ಅವಸರ ಮಾಡಿದೆ. ಬಾಗಿದ ನೆಕ್ಕನ್ನು ನೆಟ್ಟಗೆ ಮಾಡಲು ಒಂದೇ ಸಲ ಅರ್ಧ ಸುತ್ತು ತಿರುಗಿಸಿದೆ. ಬೆಳಿಗ್ಗೆ ನೋಡಿದರೆ ಅದು ಹಿಂದಕ್ಕೆ ಬಾಗಿ ಮೊದಲ ಫ್ರೆಟ್‌ಗಳಲ್ಲೆಲ್ಲ (ನೆಕ್ಕಿನ ಅಡ್ಡ ಲೋಹದ ಗೆರೆಗಳು) ಝರ್ ಝರ್. ಕಾಲು ಸುತ್ತು ವಾಪಸ್ ತಿರುಗಿಸಿದೆ. ಮರಕ್ಕೆ ಒಂದು ರಾತ್ರಿಯಾದರೂ ಕೊಡಬೇಕಿತ್ತು.

ಕರಕರ ಅನ್ನುತ್ತಿದ್ದ ಪಾಟ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕಾಯಿತು, ಬೆಸುಗೆ ಬಿಚ್ಚಲಿಲ್ಲ. ಆಂಪ್‌ಗೆ (ಆಂಪ್ಲಿಫೈಯರ್) ಹಾಕಿದಾಗ ಗೊಂಯ್ ಅನ್ನುವ ಹಮ್. ತಂತಿಯ ಸದ್ದು ಹಿಡಿಯುವ ಪಿಕಪ್ ಇದರಲ್ಲಿ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯದು, ಅದರಲ್ಲಿ ಹಮ್ ಸ್ವಲ್ಪ ಇರುವುದೇ, ಆದರೆ ಇದು ತುಂಬಾ ಜಾಸ್ತಿ. ನೋಡಿದರೆ ತೋಟದ ಮನೆಯ ಆ ಸಾಕೆಟ್ಟಿಗೆ ಅರ್ಥಿಂಗೇ ಇರಲಿಲ್ಲ. ಗಿಟಾರಿನ ತಂತಿಗಳು ಅವುಗಳ ಕೆಳತುದಿ ಕೂರುವ ಲೋಹದ ಬ್ರಿಡ್ಜ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದಾಗ ಆಂಪ್ ಒಳಗೆ ಏನಾದರೂ ಕೆಟ್ಟರೆ ಕರೆಂಟ್ ನೇರ ಬೆರಳಿಗೆ. ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವವರೆಗೆ ಮುಟ್ಟಲಿಲ್ಲ.

ಮೇಪಲ್ ಫ್ರೆಟ್‌ಬೋರ್ಡಿನಲ್ಲಿ ದೊಡ್ಡಪ್ಪನ ಬೆರಳು ಕೂತಲ್ಲೆಲ್ಲ ವಾರ್ನಿಷ್ ಸವೆದು ಕಪ್ಪಾಗಿದೆ, ಎಲ್ಲಾ ಮೊದಲ ಮೂರು ಫ್ರೆಟ್ ಒಳಗೇ. "ನಂಗೆ ಬರ್ತಿದ್ದಿದ್ದೇ ನಾಲ್ಕು ಕಾರ್ಡು" ಅಂತ ನಕ್ಕರು. ಆ ಕಲೆ ಒರೆಸಲಿಲ್ಲ. ಬಿಸಾಡಿದ್ದು ತುಕ್ಕು ಹಿಡಿದ ತಂತಿಗಳನ್ನು ಮಾತ್ರ. ದೊಡ್ಡಮ್ಮ ಅವನ್ನೂ ಬಿಡದೆ ಕೋಳಿಗೂಡಿನ ಬಾಗಿಲಿಗೆ ಸುತ್ತಿದ್ದಾರೆ.