ಮಧ್ಯಾಹ್ನ ಒಂದು ಹತ್ತರ ಫೋನು: ಬೇಸಿಗೆ ಶಿಬಿರದಲ್ಲಿ ನನ್ನ ಅನುಭವ

ವಸತಿ ಶಿಬಿರ ನಡೆಸಿದವರಿಗೆಲ್ಲ ಗೊತ್ತು, ರಾತ್ರಿ ಊಟದ ಮೇಲೆ ಮನೆಯವರ ಜೊತೆ ಮಾತಾಡಲು ಮಕ್ಕಳ ಕೈಗೆ ಫೋನ್ ಕೊಟ್ಟರೆ ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಒಬ್ಬ ಬಿಕ್ಕಿದರೆ ಸಾಲಿಗೆ ಸಾಲೇ ಅಳ್ತದ. ಆದರೂ ಎರಡು ವರ್ಷ ನಾವು ರಾತ್ರಿ ಎಂಟಕ್ಕೇ ಅಂಟಿಕೊಂಡಿದ್ದೆವು. ಚಿಂಚೋಳಿ, ಸೇಡಂ, ಗುರುಮಠಕಲ್ ಕಡೆಯ ತಾಂಡಾಗಳಿಂದ ಬರುವ ನಮ್ಮ ಮಕ್ಕಳ ತಂದೆ-ತಾಯಿ ಬಹಳಷ್ಟು ಮಂದಿ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋದವರು. ಹಗಲು ಹೊತ್ತು ಅವರು ಫೋನ್ ಎತ್ತೋದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ಮೂರನೇ ವರ್ಷ ಸಮಯವನ್ನು ಮಧ್ಯಾಹ್ನ 1.10ಕ್ಕೆ ತಂದೆ. ಸಂಗಡಿಗರು ಒಪ್ಪಲಿಲ್ಲ. ಆದರೆ ಗುಳೆ ಹೋದವರು ಮಾಡುವ ಕಟ್ಟಡದ ಕೆಲಸದಲ್ಲಿ ಒಂದರಿಂದ ಎರಡು ಊಟದ ಬಿಡುವು. ಗಂಡ-ಹೆಂಡತಿ ಒಂದೇ ಕಡೆ ಕೂತು ಬುತ್ತಿ ಬಿಚ್ಚುವುದು ಆಗಲೇ. ಸಂಜೆಯಾದರೆ ನೀರು, ಅಡುಗೆ, ಸಂತೆ, ಚಾರ್ಜಿಗೆ ಇಟ್ಟ ಫೋನು. ಹಿಂದೆ 16 ಕರೆಗೆ ಒಂಬತ್ತೋ ಹತ್ತೋ ಸಿಗುತ್ತಿದ್ದವು, ಈಗ ಹದಿಮೂರರ ಮೇಲೆ. ನಡುವೆಯೇ ಮನೆಗೆ ಹೋದ ಮಕ್ಕಳು ಅದರ ಹಿಂದಿನ ಬೇಸಿಗೆಯಲ್ಲಿ ಏಳು, ಈ ಸಲ ಒಬ್ಬನೇ, ಅವನೂ ಜ್ವರಕ್ಕೆ. ಇದು ನಮಗೆ ಸಿಕ್ಕ ಗೆಲುವು ಅಂತ ಧೈರ್ಯವಾಗಿ ಹೇಳುತ್ತೇನೆ. ಹೇಗೂ ಕಲಬುರಗಿ ಬಿಸಿಲಿಗೆ ಹನ್ನೆರಡರಿಂದ ನಾಲ್ಕರ ತನಕ ಮಕ್ಕಳು ನೆರಳಿನಲ್ಲೇ ಇರಬೇಕು. ಮಾತು ಮುಗಿದ ಕೂಡಲೇ ಕೈಗೆ ಜೇಡಿಮಣ್ಣು ಕೊಡಿ, ಕೈ ಖಾಲಿ ಬಿಡಬೇಡಿ. ಮಲಗುವ ಹೊತ್ತಿಗೆ ಏಳೆಂಟು ತಾಸು ಆಟ ಆಗಿರ್ತದ.

ಲೆಕ್ಕ ಹೀಗೆ. ಮಕ್ಕಳು 48, ಶಿಬಿರ 10 ದಿನ, ಕೀಪ್ಯಾಡ್ ಫೋನ್ ಮೂರು. ಪ್ರತಿ ಮಗುವಿಗೆ ಮೂರು ದಿನಕ್ಕೊಮ್ಮೆ ಮೂರು ನಿಮಿಷ, ಅಂದರೆ ದಿನಕ್ಕೆ 16 ಕರೆ. ಮಗು ಬದಲಾಗಲು ಒಂದು ನಿಮಿಷ ಹಿಡಿದರೂ ಎತ್ತದವರಿಗೆ ಎರಡನೇ ಸಲ ಹಚ್ಚಲು ಸಮಯ ಉಳಿಯುತ್ತದೆ, 1.50ಕ್ಕೆ ಎಲ್ಲ ಮುಗಿಯುತ್ತದೆ. ಫೋನ್ ಒಂದಕ್ಕೆ ಸುಮಾರು 1,300 ರೂಪಾಯಿ, 28 ದಿನದ ರೀಚಾರ್ಜ್ ಮೂರಕ್ಕೂ ಸೇರಿ ಆರು ನೂರರ ಆಸುಪಾಸು. ರಿಜಿಸ್ಟರು, ಪೋಸ್ಟ್ ಕಾರ್ಡು ಎಲ್ಲ ಹಿಡಿದು ಐದು ಸಾವಿರ ದಾಟಲಿಲ್ಲ. ಫೋನ್ ಮರುವರ್ಷಕ್ಕೂ ಬಂತು.

ಮೊದಲ ವರ್ಷ ಕೆಟ್ಟದ್ದು ನಂಬರಿನಲ್ಲಿ. ಫಾರಂನಲ್ಲಿ ಬರೆದ ನಂಬರಿಗೆ ಹಚ್ಚಿದರೆ ಕೆಲವದಕ್ಕೆ ರೀಚಾರ್ಜ್ ಮುಗಿದು ಒಳಬರುವ ಕರೆಯೇ ನಿಂತಿತ್ತು. ಇನ್ನು ಕೆಲವರು ಗೊತ್ತಿಲ್ಲದ ನಂಬರ್ ಎಂದು ಎತ್ತಲಿಲ್ಲ. ಈಗ ಮಗುವನ್ನು ಬಿಡಲು ಬಂದವರ ಎದುರಿಗೇ ಮೂರು ನಂಬರಿಗೆ ಹಚ್ಚಿ ನೋಡುತ್ತೇವೆ: ತಂದೆಯದು, ತಾಯಿಯದು, ಅವರು ಇರುವ ಶೆಡ್ಡಿನ ಪಕ್ಕದವರದು ಇಲ್ಲವೇ ಮೇಸ್ತ್ರಿಯದು. ಎತ್ತಿದವರಿಗೆ ಆಗಲೇ ಹೇಳಿ ನಮ್ಮ ನಂಬರ್ ಸೇವ್ ಮಾಡಿಸುತ್ತೇವೆ. ಯಾವ ಮಗುವಿಗೆ ಯಾವ ಸಿಮ್ಮು ಎಂದು ಮೊದಲೇ ಗಂಟು ಹಾಕಿಡಬೇಕು. ಬೇರೆ ಸಿಮ್ಮಿನಿಂದ ಹೋದರೆ ಮತ್ತೆ ಗೊತ್ತಿಲ್ಲದ ನಂಬರೇ.

ಮಾತಿನಲ್ಲೂ ಕೆಡುತ್ತದೆ. "ನಿನ್ನ ನೆನಪಾಗಿ ಊಟ ಸೇರವಲ್ದು", "ಕರ್ಕೊಂಡು ಹೋಗ್ಲೇನು?" ಈ ಎರಡು ಮಾತು ಬಂದರೆ ಮಗು ಕುಸಿಯುತ್ತದೆ. ಬಿಡಲು ಬಂದ ದಿನವೇ ದೊಡ್ಡವರನ್ನು ಕೂಡಿಸಿ ಇದನ್ನು ಹೇಳಬೇಕು, "ಇವತ್ತು ಏನು ಕಲ್ತಿ, ಯಾರ ಸಂಗಾಟ ಆಡಿದಿ" ಎಂದು ಕೇಳಿ ಅನ್ನಬೇಕು. ಕರೆಗೆ ಮೊದಲು ನಾವು ಮಗುವಿಗೆ ಕೇಳುವ ಒಂದು ಪ್ರಶ್ನೆ ಇದೆ, ಅದರಿಂದ ಅರ್ಧ ಅಳು ನಿಲ್ಲುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಶಿಬಿರಕ್ಕೆ ಬಂದವರಿಗೆ ತೋರಿಸುತ್ತೇನೆ.

ಸ್ಪೀಕರ್ ಹಾಕಬಾರದು. ಶಿಕ್ಷಕರು ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳದಂತೆ ಹತ್ತು ಹೆಜ್ಜೆ ದೂರ ನಿಲ್ಲಬೇಕು. ಮಗುವಿಗೆ ನಮ್ಮ ಮೇಲೆಯೇ ದೂರು ಇದ್ದರೆ ಅದನ್ನು ಹೇಳಿಕೊಳ್ಳಲು ಜಾಗ ಬೇಕು. ಫೋನಿನ ಮೇಲೆ ಗೋಡೆಗೆ ಮಕ್ಕಳ ಸಹಾಯವಾಣಿ ನಂಬರ್ 1098 ದಪ್ಪಕ್ಷರದಲ್ಲಿ ಬರೆದಿರಬೇಕು. ಜ್ವರ, ಪೆಟ್ಟು, ಹೆದರಿಕೆ ಏನೇ ಇದ್ದರೂ ಮೂರು ದಿನದ ನಿಯಮ ಇಲ್ಲ, ಆ ಗಳಿಗೆಯಲ್ಲೇ ಮನೆಗೆ ಫೋನ್ ಹೋಗಬೇಕು.

ಫೋಟೋಕ್ಕೆ ವಾಟ್ಸಾಪ್ ಗುಂಪು ಮಾಡಿ ಕೈ ಸುಟ್ಟುಕೊಂಡೆವು. ತನ್ನ ಮಗ ಫೋಟೋದಲ್ಲಿ ಇಲ್ಲ ಎಂದು ಒಬ್ಬ ತಾಯಿ ರಾತ್ರಿ ಹನ್ನೊಂದು ಸಲ ಹಚ್ಚಿದರು. ಎಲ್ಲರ ನಂಬರ್ ಎಲ್ಲರಿಗೂ ಹೋಯಿತು, ಅದು ಹೆಣ್ಣುಮಕ್ಕಳ ಮನೆಯವರಿಗೆ ಸರಿಬರಲಿಲ್ಲ. ಈಗ ಶಿಬಿರದ ಸ್ಮಾರ್ಟ್‌ಫೋನಿನಲ್ಲಿ 16 ಮಕ್ಕಳಿಗೊಂದು ಬ್ರಾಡ್‌ಕಾಸ್ಟ್ ಪಟ್ಟಿ. ಅದರಲ್ಲಿ ಸಂದೇಶ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಅದಕ್ಕೂ ಆ ಫೋನಿನ ನಂಬರ್ ಮನೆಯವರಲ್ಲಿ ಸೇವ್ ಆಗಿರಲೇಬೇಕು, ಇಲ್ಲದವರಿಗೆ ಸಂದೇಶ ಮುಟ್ಟುವುದಿಲ್ಲ. ಹಾಜರಿ ನಂಬರಿಗೆ ಟಿಕ್ ಹಾಕುತ್ತಾ ಎರಡು ದಿನದೊಳಗೆ ಪ್ರತಿ ಮುಖವೂ ಒಮ್ಮೆ ಹೋಗುವಂತೆ ನೋಡುತ್ತೇವೆ. ವಿಡಿಯೋ ಕಳಿಸುವುದಿಲ್ಲ, ಅವರ ಡೇಟಾ ಅದಕ್ಕೇ ಮುಗಿಯುತ್ತದೆ.

ಓದು ಬಾರದವರಿಗೆ ಧ್ವನಿ ಸಂದೇಶ. ಮಗು ಮನೆಮಾತಿನಲ್ಲಿ, ಲಂಬಾಣಿ ಇರಲಿ ಉರ್ದು ಇರಲಿ ತೆಲುಗು ಇರಲಿ, ನಲವತ್ತು ಸೆಕೆಂಡು ಹೇಳುತ್ತದೆ. ಉತ್ತರವನ್ನು ಮರುದಿನ ಉಪ್ಪಿಟ್ಟಿನ ಹೊತ್ತಿಗೆ ಆ ಮಗುವಿನ ಕಿವಿಗೆ ಮಾತ್ರ ಹಿಡಿಯುತ್ತೇವೆ. ಒಮ್ಮೆ ಎಲ್ಲರೆದುರು ಹಾಕಿದ್ದೆವು. ಉತ್ತರ ಬಾರದ ನಾಲ್ಕು ಮಕ್ಕಳು ಅವತ್ತು ತಿಂಡಿ ಮುಟ್ಟಲಿಲ್ಲ.

ಮನೆಯವರ ಸಂದೇಶವನ್ನು ಅಂಗಡಿಯ ಬಿಲ್ ಹೊಡೆಯುವ ಪುಟ್ಟ ಥರ್ಮಲ್ ಪ್ರಿಂಟರಿನಲ್ಲಿ ಅಚ್ಚು ಹಾಕಿ ಕೊಡುವ ಪ್ರಯೋಗವೂ ಆಯಿತು. ಅದರಲ್ಲಿ ಕನ್ನಡ ಅಕ್ಷರ ಇಲ್ಲ, ಚಿತ್ರ ಮಾಡಿ ಕಳಿಸಬೇಕು. ತಗಡಿನ ಶೆಡ್ಡಿನ ಜಳಕ್ಕೆ ಮೂರೇ ದಿನದಲ್ಲಿ ಚೀಟಿ ಮಂಕಾದವು. ಎರಡು ಸಾವಿರ ಚಿಲ್ಲರೆ ಹೋಯಿತು. ಅದರ ಮುಂದೆ 50 ಪೈಸೆಯ ಪೋಸ್ಟ್ ಕಾರ್ಡೇ ಗಟ್ಟಿ. ಮೊದಲ ದಿನವೇ ಬರೆಸಿ ಡಬ್ಬಿಗೆ ಹಾಕಿದರೆ ತಾಂಡಾಕ್ಕೆ ಐದಾರು ದಿನದಲ್ಲಿ ಮುಟ್ಟುತ್ತದೆ. ಮಕ್ಕಳಿಗೆ ಪಿನ್‌ಕೋಡ್ ಗೊತ್ತಿರುವುದಿಲ್ಲ, ವಿಳಾಸವನ್ನು ನಾವೇ ಮೊದಲು ಬರೆದಿಡಬೇಕು. ಜೆಲ್ ಪೆನ್ನು ಬೆವರಿಗೆ ಹರಡುತ್ತದೆ, ಬಾಲ್ ಪೆನ್ನೇ ಆಗಬೇಕು. ಗುಳೆ ಹೋದವರ ಬದಲು ಅದು ಅಜ್ಜಿಯ ಕೈ ಸೇರುತ್ತದೆ, ಅದೂ ಬೇಕಾದದ್ದೇ.

ಚಂದ್ರಂಪಳ್ಳಿ ಡ್ಯಾಮಿಗೆ ಕರೆದೊಯ್ಯುವ ದಿನ ನಮ್ಮ ಮೂರು ಸಿಮ್ಮಿಗೂ ಸಿಗ್ನಲ್ ಇರಲಿಲ್ಲ. ಹಿಂದಿನ ಸಂಜೆಯೇ "ನಾಳೆ ಫೋನ್ ಇಲ್ಲ, ನಾಡಿದ್ದು ಒಂದು ಹತ್ತಕ್ಕೆ" ಎಂದು ತಿಳಿಸಿಡಬೇಕು.

ಬೀದರ್ ಕಡೆಯ ಮೂರು ಮಕ್ಕಳ ತಂದೆಯರು ದುಬೈಯಲ್ಲಿ. ನಮ್ಮ 1.10 ಅಂದರೆ ಅಲ್ಲಿ 11.40, ಕೆಲಸದ ಹೊತ್ತು. ವಾಟ್ಸಾಪ್ ಕರೆಗೆ ಅಲ್ಲಿ ತಡೆ ಇದೆ, ಧ್ವನಿ ಸಂದೇಶಕ್ಕೆ ಇಲ್ಲ. ಆ ಮೂವರಿಗೆ ಫೋನಿನ ಪಾಳಿ ತಾಯಿಯ ಜೊತೆ, ತಂದೆಯ ಜೊತೆ ದಿನಾ ಒಂದು ಧ್ವನಿ ಸಂದೇಶ ಎಂದು ಬೇರೆ ಪಟ್ಟಿ ಮಾಡಿಟ್ಟೆವು.