ಗಡ್ಡೆ ಹೋದ ಮೇಲಿನ ಶಾಲೆ: ಒಂದು ಹಾಳೆಯ ಪದ್ಧತಿ

ಮಿದುಳು ಗಡ್ಡೆ ಮತ್ತು ಲ್ಯುಕೇಮಿಯಾದಿಂದ (ರಕ್ತದ ಕ್ಯಾನ್ಸರ್) ಪಾರಾದ ಮಕ್ಕಳಿಗೆ ವರ್ಷಕ್ಕೊಮ್ಮೆ ಕಿವಿ, ಥೈರಾಯ್ಡ್, ಬುದ್ಧಿ ಮೂರನ್ನೂ ಇದೇ ಸರತಿಯಲ್ಲಿ ಪರೀಕ್ಷಿಸಿ, ಬಂದ ಫಲವನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮಾಸ್ತರರ ಕೈಗೆ ಕೊಡುವುದು ನಮ್ಮ ಪದ್ಧತಿ. ಹುಬ್ಬಳ್ಳಿ-ಧಾರವಾಡದಲ್ಲಿ ಶುರುವಾಗಿ ಗದಗ, ಹಾವೇರಿ ಕಡೆಯ ಹಳ್ಳಿಗಳಿಗೂ ಹೋಗಿದೆ. ಮೊದಮೊದಲು ನಮ್ಮ ಕಸುಬಿನವರೇ ನಂಬಲಿಲ್ಲ. "ಜೀವ ಉಳದೈತಲ್ರಿ, ಇನ್ನೇನ್ ಬೇಕು?" ಎಂದವರಿದ್ದರು, "ಹಳ್ಳಿ ಸಾಲ್ಯಾಗ ನಿಮ್ಮ ಹಾಳಿ ಯಾರ್ ಓದ್ತಾರ್ರಿ?" ಎಂದವರೂ ಇದ್ದರು. ಈಗ ಅವರೇ ಚೀಟಿ ಬರೆದು ಮಕ್ಕಳನ್ನು ಕಳಿಸುತ್ತಾರೆ. ಹಾಳೆ ಹಿಡಿದು ಎಸ್ಸೆಸ್ಸೆಲ್ಸಿಗೆ ಕೂತವರಲ್ಲಿ ಬಹುತೇಕರು ಮೊದಲ ಸಲಕ್ಕೇ ಪಾಸಾಗಿದ್ದಾರೆ. ಈ ಕೆಲಸ ಮಾಡುವವರಿಗೆಂದೇ ಬರೆಯುತ್ತಿರುವುದರಿಂದ ವಿಕಿರಣ ಮತ್ತು ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧ ಮಿದುಳಿಗೆ ಪೆಟ್ಟು ಕೊಟ್ಟು ಕಲಿಕೆಯನ್ನು ನಿಧಾನ ಮಾಡಬಲ್ಲವು ಎಂದಷ್ಟೇ ಹೇಳಿ, ಹೇಗೆಂದು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳಬೇಕು, ದುಡ್ಡು ಹೆಚ್ಚು ಹೋದದ್ದು ಅಲ್ಲೇ. ಟ್ಯಾಬ್ಲೆಟ್‌ನಲ್ಲಿ ಆಡಿಸುವ ವರ್ಕಿಂಗ್ ಮೆಮೊರಿ (ಕೆಲಸದ ಹೊತ್ತಿಗೆ ವಿಷಯವನ್ನು ತಲೆಯಲ್ಲಿ ಹಿಡಿದಿಡುವ ಶಕ್ತಿ) ತರಬೇತಿಗೆ ಯಂತ್ರ, ಲೈಸೆನ್ಸು ಸೇರಿ ಸುಮಾರು 40,000 ರೂಪಾಯಿ ಸುರಿಯಲಾಯಿತು. ಅಮೆರಿಕದ ಪ್ರಯೋಗದಲ್ಲಿ ಇಂಥ ತರಬೇತಿಯಿಂದ ಪಾರಾದ ಮಕ್ಕಳ ನೆನಪು, ಗಮನ ಎರಡೂ ಸುಧಾರಿಸಿದ್ದು ನಿಜ. ಆದರೆ ಅಲ್ಲಿ ಮಕ್ಕಳಿಗೆ ಫೋನಿನಲ್ಲಿ ಬೆನ್ನು ಹತ್ತುವ ತರಬೇತುದಾರರಿದ್ದರು. ಇಲ್ಲಿ ಎರಡನೇ ವಾರಕ್ಕೆ ಟ್ಯಾಬ್ಲೆಟ್ ಅಣ್ಣನ ಕೈಗೆ ಹೋಗಿರುತ್ತಿತ್ತು. ಬಿಡದೆ ಆಡಿದ ಮಕ್ಕಳೂ ಆಟದಲ್ಲಿ ಮಟ್ಟ ಏರಿದರೇ ಹೊರತು ಭಾಗಾಕಾರದಲ್ಲಿ ಏರಲಿಲ್ಲ. ಎರಡನೆಯದು ಹತ್ತು ಪುಟದ ಇಂಗ್ಲಿಷ್ ವರದಿ. ಅದು ಹೆಡ್‌ಮಾಸ್ತರರ ಕಪಾಟು ಸೇರಿದರೆ ಹೊರಗೆ ಬರುವುದಿಲ್ಲ. ಮೂರನೆಯದು ದೊಡ್ಡ ಆಸ್ಪತ್ರೆಯ ಫಾಲೋಅಪ್ ದಿನವೇ ಪರೀಕ್ಷೆ ಮುಗಿಸುವುದು. ರಾತ್ರಿ ಪ್ರಯಾಣ, ಬೆಳಿಗ್ಗೆ ರಕ್ತ, ಮಧ್ಯಾಹ್ನ ಎಂಆರ್‌ಐ ಆದ ಮಗುವಿನ ಅಂಕ ಹೇಳುವುದು ಬರೀ ಅದರ ದಣಿವನ್ನು. ಲ್ಯುಕೇಮಿಯಾ ಚಿಕಿತ್ಸೆಯ ಕೊನೆಯ ದೀರ್ಘ ಹಂತವಾದ ಮೇಂಟೆನೆನ್ಸ್‌ನಲ್ಲಿರುವ ಮಗುವಾದರೆ ಸ್ಟೆರಾಯ್ಡ್ ತಗೊಳ್ಳುವ ದಿನಗಳಲ್ಲೂ ಪರೀಕ್ಷೆ ಬೇಡ. ಆ ದಿನಗಳ ನಿದ್ದೆ, ಸಿಟ್ಟು ಬೇರೆಯೇ.

ಸರತಿ ಏಕೆ ಮುಖ್ಯ? ಸರಿಯಾಗಿ ಕೇಳದ ಮಗುವೂ ಥೈರಾಯ್ಡ್ ಕುಂದಿದ ಮಗುವೂ ಬುದ್ಧಿ ಪರೀಕ್ಷೆಯಲ್ಲಿ ಮಂದವಾಗಿ ಕಾಣಬಹುದು. ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ತಗೊಂಡ ಮಗುವಿಗೆ ಎತ್ತರದ ಶ್ರುತಿಯ ದನಿಗಳು ಮೊದಲು ಹೋಗುತ್ತವೆ. ಎದುರು ಕೂತು ಮಾತಾಡಿದರೆ ಎಲ್ಲ ಕೇಳುತ್ತದೆ, ಆದ್ದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಆಡಿಯೋಗ್ರಾಮ್ (ಯಂತ್ರದ ಕಿವಿ ಪರೀಕ್ಷೆ) ಬರೆಸುವಾಗ 6000 ಮತ್ತು 8000 ಹರ್ಟ್ಸ್ ಕೂಡ ನೋಡಿರಿ ಎಂದು ಚೀಟಿಯಲ್ಲೇ ಬರೆಯಬೇಕು. ಇಲ್ಲದಿದ್ದರೆ 4000ಕ್ಕೆ ನಿಲ್ಲಿಸಿ 'ನಾರ್ಮಲ್' ಎಂದು ಬರೆದು ಕಳಿಸುತ್ತಾರೆ. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಇದು ಹೆಚ್ಚಬಹುದು, ಹಾಗಾಗಿ ಒಮ್ಮೆ ನೋಡಿದರೆ ಸಾಲದು.

ಹಳ್ಳಿಯಲ್ಲಿ ಯಂತ್ರ ಸಿಗುವ ತನಕ ಉಕ್ತಲೇಖನ ನಮ್ಮ ಜರಡಿ. ಬಾಯಿಗೆ ಫೈಲು ಅಡ್ಡ ಹಿಡಿದು ಸಕ್ಕರೆ, ಸೇರು, ಸಂತೆ ಎಂದು ಹೇಳಿ ಬರೆಸುವುದು. ಶ ಬದಲು ಸ ಬರೆದರೆ ಲೆಕ್ಕಕ್ಕಿಲ್ಲ, ಅದು ನಮ್ಮ ಕಡೆ ಕಿವಿ ಚೊಕ್ಕ ಇರುವ ಮಕ್ಕಳೂ ಮಾಡುವುದೇ. ಅಕ್ಷರವೇ ಬಿದ್ದು ಅಕ್ಕರೆ, ಏರು, ಅಂತೆ ಎಂದು ಬರೆದರೆ ಅದೇ ವಾರ ಕಿವಿ ಪರೀಕ್ಷೆಗೆ ಕಳಿಸಬೇಕು. ನಾವು ಬಳಸುವ ಪೂರ್ತಿ ಪಟ್ಟಿ ಇಲ್ಲಿ ಕೊಡುವುದಿಲ್ಲ. ಹೊರಗೆ ಬಂದರೆ ಮನೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ, ಆಮೇಲೆ ಅದು ಯಾವ ಕೆಲಸಕ್ಕೂ ಬಾರದು.

ಥೈರಾಯ್ಡ್‌ಗೆ ಟಿಎಸ್‌ಎಚ್ (ಥೈರಾಯ್ಡನ್ನು ಎಬ್ಬಿಸಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು) ಒಂದನ್ನೇ ಬರೆಸಿ ಕೈತೊಳೆದುಕೊಳ್ಳಬೇಡಿ. ತಲೆಗೆ ವಿಕಿರಣ ಬಿದ್ದ ಮಕ್ಕಳಲ್ಲಿ ತೊಂದರೆ ಪಿಟ್ಯುಟರಿಯಲ್ಲೇ ಇರಬಹುದು. ಆಗ ಟಿಎಸ್‌ಎಚ್ ಸರಿಯಿದ್ದಂತೆ ಕಂಡು ಥೈರಾಯ್ಡಿನದೇ ಹಾರ್ಮೋನಾದ ಫ್ರೀ ಟಿ4 ಕೆಳಗಿರುತ್ತದೆ. ಮಂದ ಬಿದ್ದ ಮಗುವನ್ನು ಬುದ್ಧಿಯ ಖಾತೆಗೆ ಹಾಕಿದಮೇಲೆ ಆ ಹಣೆಪಟ್ಟಿ ಕೀಳುವುದು ಕಷ್ಟ.

ಇನ್ನು ಬುದ್ಧಿ ಪರೀಕ್ಷೆ. ಬಿನೆ-ಕಾಮತ್, ಮಲಿನ್, ನಿಮ್ಹಾನ್ಸ್ ಬ್ಯಾಟರಿ, ಇವುಗಳಲ್ಲಿ ನಿಮ್ಮ ಕೈಗೆ ಒಗ್ಗಿದ್ದನ್ನು ಹಿಡಿಯಿರಿ, ವರ್ಷ ವರ್ಷ ಬದಲಿಸಬೇಡಿ. ಒಟ್ಟು ಐಕ್ಯೂ ನಮಗೆ ಹೆಚ್ಚು ಉಪಯೋಗವಿಲ್ಲ. ಈ ಮಕ್ಕಳಲ್ಲಿ ಮೊದಲು ಜಾರುವುದು ವೇಗ, ಗಮನ, ವರ್ಕಿಂಗ್ ಮೆಮೊರಿ. ಶಬ್ದಭಂಡಾರ ಚೆನ್ನಾಗಿದ್ದು ಒಟ್ಟು ಅಂಕ 90ರ ಮೇಲಿದ್ದರೂ ಬೋರ್ಡ್ ಮೇಲಿನದನ್ನು ಅರ್ಧವೂ ಇಳಿಸಿಕೊಳ್ಳದ ಮಗು ಇರುತ್ತದೆ.

ಅಂಕಿ ನೆನಪಿನ ಪರೀಕ್ಷೆಯಲ್ಲಿ ಒಂದು ಗೊಂದಲ ಖಾಯಂ. ಇಂಗ್ಲಿಷ್ ಮಾಧ್ಯಮದ ಮಗುವಿಗೆ 'ಏಳು, ನಾಕು, ಒಂಬತ್ತು' ಎಂದರೆ ಅದು ಒಳಗೊಳಗೇ ಸೆವೆನ್, ಫೋರ್, ನೈನ್ ಎಂದು ತಿರುಗಿಸಿಕೊಳ್ಳುತ್ತದೆ, ಅಷ್ಟರಲ್ಲಿ ಮುಂದಿನ ಅಂಕಿ ಹೋಗಿರುತ್ತದೆ. ಕನ್ನಡ ಶಾಲೆಯ ಮಗುವೂ ಫೋನ್ ನಂಬರ್ ಹೇಳುವುದು ಇಂಗ್ಲಿಷಿನಲ್ಲಿ. "ತಂಗೀ, ನಿಮ್ಮಪ್ಪನ ನಂಬರ್ ಹೇಳವಾ" ಎಂದು ಕೇಳಿ, ಯಾವ ಭಾಷೆಯಲ್ಲಿ ಹೇಳುತ್ತದೋ ಅದರಲ್ಲೇ ಮಾಡಿ, ಹಾಳೆಯ ಮೂಲೆಯಲ್ಲಿ ಭಾಷೆ ಗುರುತು ಹಾಕಬೇಕು. ಮುಂದಿನ ವರ್ಷವೂ ಅದೇ ಭಾಷೆ.

ಕೋಡಿಂಗ್‌ನಲ್ಲಿ (ಕೀಲಿ ನೋಡಿ ಅಂಕಿಗೊಂದು ಗುರುತು ಬೇಗ ಬೇಗ ಬರೆಯುವ ಪರೀಕ್ಷೆ) ಕೈಯ ನಿಧಾನ ಮತ್ತು ತಲೆಯ ನಿಧಾನ ಬೆರೆತು ಬರುತ್ತವೆ. ವಿಂಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಬೆರಳನ್ನು ಸಡಿಲ ಮಾಡಿರುತ್ತದೆ, ಸೆರೆಬೆಲಮ್ (ಕಿರುಮಿದುಳು) ಶಸ್ತ್ರಚಿಕಿತ್ಸೆಯಾದ ಮಗುವಿಗೆ ಕೈ ನಡುಗುತ್ತದೆ. ಅದೇ ಗುರುತುಗಳನ್ನು ಕೀಲಿಯಿಲ್ಲದೆ ಬರೀ ನೋಡಿ ಬರೆಯಲು ಕೊಟ್ಟು ಹೊತ್ತು ಹಿಡಿಯಿರಿ. ಅದೂ ನಿಧಾನವಾದರೆ ದೋಷ ಹೆಚ್ಚಿನಂಶ ಕೈಯದು. ಈ ಶಸ್ತ್ರಚಿಕಿತ್ಸೆಯ ನಂತರ ಕೆಲವು ಮಕ್ಕಳ ಮಾತು ನಿಂತು, ಆಮೇಲೆ ಮರಳುತ್ತದೆ. ಅವರಿಗೆ ಬಾಯಿಯಿಂದ ಬೇಗ ಹೇಳುವ ಪರೀಕ್ಷೆ ಹಾಕಬಾರದು, ಬೆರಳು ತೋರಿಸಿ ಉತ್ತರಿಸುವಂಥವು ಸಾಕು.

ಎರಡು ವರ್ಷದ ಅಂಕ ಕೈಗೆ ಬಂದಾಗ ಗ್ರಾಫ್ ಹಾಳೆಯಲ್ಲಿ ಎರಡು ಗೆರೆ ಎಳೆಯುತ್ತೇವೆ, ಕಚ್ಚಾ ಅಂಕದ್ದು ಒಂದು, ವಯಸ್ಸಿಗೆ ಹೋಲಿಸಿದ ಅಂಕದ್ದು ಒಂದು. ಉದಾಹರಣೆಗೆ ಕಚ್ಚಾ ಅಂಕ 28ರಿಂದ 31ಕ್ಕೆ ಏರಿ, ವಯಸ್ಸಿನ ಅಂಕ 8ರಿಂದ 6ಕ್ಕೆ ಇಳಿದಿರಬಹುದು. ಮಗು ಕಲಿತದ್ದನ್ನು ಮರೆಯುತ್ತಿಲ್ಲ, ಓರಗೆಯವರ ಓಟಕ್ಕೆ ಸಮನಾಗಿ ಹೊಸದನ್ನು ಹಿಡಿಯುತ್ತಿಲ್ಲ ಅಷ್ಟೇ. 'ಇಳಿದಿದೆ' ಎಂದಷ್ಟೇ ಹೇಳಿದರೆ ತಾಯಿಯ ಎದೆ ಒಡೆಯುತ್ತದೆ, ಗಡ್ಡೆ ತಿರುಗಿ ಬಂತು ಎಂದೇ ತಿಳಿಯುತ್ತಾಳೆ. "ಅಕ್ಕಾರ, ಈ ಗೆರಿ ನೋಡ್ರಿ, ಏರೇ ಐತಿ" ಎಂದು ಮೊದಲು ಏರುವ ಗೆರೆಯ ಮೇಲೆ ಬೆರಳಿಟ್ಟು ತೋರಿಸಿ, ಆಮೇಲೆ ಎರಡನೆಯದಕ್ಕೆ ಹೋಗಬೇಕು. ಆದರೆ ಕಚ್ಚಾ ಅಂಕವೇ ಬಿದ್ದರೆ ಅದು ಬೇರೆ ಮಾತು. ತಡಮಾಡದೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಫೋನ್ ಮಾಡಬೇಕು.

ಮಾಸ್ತರರ ಹಾಳೆಯಲ್ಲಿ ಅಂಕ ಇರುವುದಿಲ್ಲ, ಕಾಯಿಲೆಯ ಹೆಸರೂ ಬೇಡ. ಹೆಣ್ಣುಮಕ್ಕಳ ಮನೆಯವರು ಮುಂದೆ ಮದುವೆ ಮಾತಿಗೆ ಅಡ್ಡಿಯಾದೀತೆಂದು ಹೆದರುತ್ತಾರೆ, ಆ ಹೆದರಿಕೆಗೆ ಕಾರಣವಿದೆ. ಬರೆಯುವುದು ಏಳೆಂಟು ಸಾಲು: ಮುಂದಿನ ಬೆಂಚು, ಚೆನ್ನಾಗಿ ಕೇಳುವ ಕಿವಿ ಮಾಸ್ತರರ ಕಡೆಗೆ. ಒಂದು ಸಲಕ್ಕೆ ಒಂದೇ ಸೂಚನೆ. ಬೋರ್ಡ್ ಮೇಲಿನ ನೋಟ್ಸ್ ಗೆಳತಿಯ ವಹಿಯಿಂದ ಝೆರಾಕ್ಸ್. ಹತ್ತು ಲೆಕ್ಕದ ಬದಲು ಐದು, ಆದರೆ ಅಷ್ಟೇ ಕಷ್ಟದವು. ಗಣಿತ ಮೊದಲ ಎರಡು ಪೀರಿಯಡ್‌ನಲ್ಲಿ. ಪ್ರಶ್ನೆ ಕೇಳಿದಮೇಲೆ ಉತ್ತರಕ್ಕೆ ಹತ್ತು ಎಣಿಸುವಷ್ಟು ಕಾಯುವುದು. ಮಾಸ್ತರರು ಇದನ್ನು ಮಾಡುತ್ತಾರೆ. ಅವರನ್ನು ಕೆಡಿಸುವುದು 'ಪಾಪ' ಎಂಬ ಮಾತು. ಪಾಪ ಎಂದು ಏನೂ ಕೇಳದೆ ಮುಂದಿನ ತರಗತಿಗೆ ದೂಡಿದ ಮಗುವನ್ನು ಎಂಟನೇ ತರಗತಿಯಲ್ಲಿ ಎತ್ತುವುದು ಬಲು ಭಾರ. ಹಾಳೆ ಕೊಡುವುದು ಜೂನ್-ಜುಲೈನಲ್ಲಿ, ಹೊಸ ತರಗತಿಯ ಮಾಸ್ತರರಿಗೇ, ಕೈಯಾರೆ. ಬಿಆರ್‌ಸಿಯ (ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರಿಗೆ ಒಂದು ಪ್ರತಿ.

ಬದುಕಿನ ಗುಣಮಟ್ಟಕ್ಕೆ ಪೆಡ್ಸ್‌ಕ್ಯೂಎಲ್ ಎಂಬ ಪ್ರಶ್ನಾವಳಿ, 23 ಪ್ರಶ್ನೆ. ತಾಯಿ ಮತ್ತು ಮಗುವನ್ನು ಒಂದೇ ಕೋಣೆಯಲ್ಲಿ ಕೇಳಿದರೆ ಮಗು "ಏನೂ ತ್ರಾಸಿಲ್ರಿ" ಎನ್ನುತ್ತದೆ. ಬೇರೆ ಬೇರೆ ಕೂಡಿಸಿ. 'ಕಳೆದ ಒಂದು ತಿಂಗಳಲ್ಲಿ' ಎಂಬುದು ಹಳ್ಳಿಯಲ್ಲಿ ಜಾರುತ್ತದೆ, "ಹ್ವಾದ ಅಮಾಸಿಯಿಂದ ಈಚೆಗೆ" ಎಂದರೆ ಗಟ್ಟಿ ನಿಲ್ಲುತ್ತದೆ. ಐದು ಹಂತದ ಉತ್ತರಕ್ಕೆ ಐದು ವಾಟಗಾದಲ್ಲಿ ಜೋಳದ ಕಾಳು, ಖಾಲಿಯಿಂದ ತುಂಬಿದ್ದರ ತನಕ. ದೊಡ್ಡ ಮಕ್ಕಳೂ ಇದನ್ನೇ ಇಷ್ಟಪಡುತ್ತಾರೆ.

ಪಕ್ಕದ ಪ್ರಯೋಗಗಳಲ್ಲಿ ಒಂದು ಚೌಕಾಬಾರ. ಪ್ರತಿ ಆಟಗಾರನ ಹಿಂದಿನ ಎರಡು ನಡೆ ನೆನಪಿಟ್ಟು ಹೇಳಬೇಕು ಎಂಬ ನಿಯಮ ಸೇರಿಸಿದೆವು. ಪರೀಕ್ಷೆಯ ಅಂಕ ಅಲುಗಲಿಲ್ಲ. ಆದರೆ ಓಣಿಯ ಮಕ್ಕಳು ಮತ್ತೆ ಮನೆಗೆ ಬರತೊಡಗಿದರು, ಪೆಡ್ಸ್‌ಕ್ಯೂಎಲ್‌ನ ಸಾಮಾಜಿಕ ಭಾಗ ಕಣ್ಣಿಗೆ ಕಾಣುವಷ್ಟು ಮೇಲೆದ್ದಿತು. ಹೀಗಾಗಿ ಅದನ್ನು ಬಿಟ್ಟಿಲ್ಲ. ಟೊರಾಂಟೊದಲ್ಲಿ 12 ವಾರ ವ್ಯಾಯಾಮ ಮಾಡಿಸಿ, ವಿಕಿರಣ ಪಡೆದ ಮಕ್ಕಳ ಪ್ರತಿಕ್ರಿಯೆಯ ವೇಗ ಹೆಚ್ಚಿದ್ದನ್ನು ತೋರಿಸಿದ್ದಾರೆ. ನಮ್ಮಲ್ಲಿ ಅದಕ್ಕೆ ಓಟ, ಕುಂಟಾಟ ಹಿಡಿದಿದ್ದೇವೆ. ಸಮತೋಲ ಇಲ್ಲದವರಿಗೆ ಖೋಖೋ ಬೇಡ, ತಿರುಗುವಾಗ ಬೀಳುತ್ತಾರೆ.

ಖರ್ಚು ಒಂದು ಮಗುವಿಗೆ ವರ್ಷಕ್ಕೆ 3,000ದಿಂದ 3,500ರ ಆಜೂಬಾಜು: ರಕ್ತ 600, ಆಡಿಯೋಗ್ರಾಮ್ 500, ಉಳಿದದ್ದು ಪರೀಕ್ಷೆಯ ನಮೂನೆ, ಓಡಾಟ. ಇದಕ್ಕಿಂತ ಭಾರ ತಪ್ಪುವ ಕೂಲಿ. ಬ್ಯಾಡಗಿ ಸುತ್ತ ಮೆಣಸಿನಕಾಯಿ ಸುಗ್ಗಿಯಲ್ಲಿ, ಅಂದರೆ ಜನವರಿಯಿಂದ ಮಾರ್ಚ್ ತನಕ, ತಾರೀಖು ಕೊಟ್ಟರೆ ಯಾರೂ ಬರುವುದಿಲ್ಲ, ಬರಲೂ ಆಗದು. ಮುಂಬಯಿ, ಬೆಂಗಳೂರಿಗೆ ಫಾಲೋಅಪ್‌ಗೆ ಹೋಗುವಾಗಲೂ ಕ್ಯಾನ್ಸರ್ ರೋಗಿಗೆ ಮತ್ತು ಜತೆಯವರಿಗೆ ರೈಲ್ವೆ ರಿಯಾಯಿತಿ ಉಂಟು. ಚಿಕಿತ್ಸೆ ಮುಗಿಯಿತೆಂದು ಎಷ್ಟೋ ಮನೆಯವರು ಪೂರ್ತಿ ಟಿಕೆಟ್ ತೆಗೆಸುತ್ತಾರೆ, ಹೇಳಿ ಕಳಿಸಿ.

ಎಸ್ಸೆಸ್ಸೆಲ್ಸಿ ಕಡತ ಒಂಬತ್ತನೇ ತರಗತಿಯಲ್ಲೇ ತೆರೆಯಬೇಕು. ಅರ್ಜಿ ಹೆಡ್‌ಮಾಸ್ತರರ ಮೂಲಕವೇ ಹೋಗಬೇಕು. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನಲ್ಲಿ ಸವಲತ್ತುಗಳಿಗೆ ಬೇಕಾದ 40% ಅಂಗವೈಕಲ್ಯ ನಮ್ಮ ಮಕ್ಕಳಲ್ಲಿ ಅನೇಕರಿಗೆ ಬರುವುದಿಲ್ಲ, ಅಲ್ಲಿಗೆ ಎಲ್ಲರೂ ಕೈಬಿಡುತ್ತಾರೆ. ಕೇಂದ್ರದ 2022ರ ಆಗಸ್ಟ್ ಮಾರ್ಗಸೂಚಿ 40%ಕ್ಕಿಂತ ಕಡಿಮೆಯಿದ್ದೂ ಬರೆಯಲು ಕಷ್ಟಪಡುವವರಿಗೂ ಉತ್ತರ ಬರೆದುಕೊಡುವ ಬರಹಗಾರ ಮತ್ತು ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯದ ಮಾತು ಹೇಳಿತ್ತು. ಮಾರ್ಗಸೂಚಿಯ ಪ್ರತಿ, ಕೋಡಿಂಗ್ ಮತ್ತು ನೋಡಿಬರೆಯುವ ಹೊತ್ತಿನ ಅಂಕ, ಮಗು ಮೂರು ಗಂಟೆಯಲ್ಲಿ ಬರೆದ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ, ಮೂರನ್ನೂ ಲಗತ್ತಿಸುತ್ತೇವೆ. ಅರ್ಧಕ್ಕೆ ನಿಂತ ಆ ಉತ್ತರಪತ್ರಿಕೆ ಅಧಿಕಾರಿಗಳನ್ನು ಒಪ್ಪಿಸಿದಷ್ಟು ಬೇರೆ ಯಾವುದೂ ಒಪ್ಪಿಸಿಲ್ಲ.